ಜೋಡಿ ಕಾರ್ಬುರೇಟರು

ಕನ್ನಡ ಪಂಡಿತನೊಬ್ಬನು ಕಾರ್ಬುರೇಟರಿನ ವಿಚಾರ ಮಾತನಾಡಲು ಹೊರಟನೆಂದರೆ ಕೇಳುವವರ ಮುಖದಲ್ಲಿ ನಗೆ ಮೂಡುವುದು ಸಹಜ. ಹಳಗನ್ನಡದ ಸಂಧಿ ಬಿಡಿಸುವವನಿಗೆ ಎಂಜಿನ್ನಿನ ನಟ್ಟು ಬಿಚ್ಚುವ ಉಸಾಬರಿ ಏಕೆಂದು ನಮ್ಮ ಶಾಲೆಯ ಲೆಕ್ಕದ ಮೇಷ್ಟರೂ ಕೇಳಿದ್ದುಂಟು. ಸಂಧಿ ಬಿಡಿಸುವಾಗ ಲೋಪವೋ ಆಗಮವೋ ಆದೇಶವೋ ಎಂದು ನೋಡುತ್ತೇವಷ್ಟೆ? ಈ ಯಂತ್ರದಲ್ಲಿಯೂ ಎಲ್ಲಿ ಏನು ಲೋಪವಾಗಿದೆ, ಎಲ್ಲಿಂದ ಬೇಡದ ಗಾಳಿಯ ಆಗಮವಾಗುತ್ತಿದೆ, ಸವೆದುದರ ಸ್ಥಾನದಲ್ಲಿ ಯಾವುದನ್ನು ಆದೇಶ ಮಾಡಬೇಕು ಎಂದೇ ನೋಡಬೇಕು. ಲೆಕ್ಕದ ಮೇಷ್ಟರಿಗೆ ನಾನು ಹೇಳಿದ ಉತ್ತರ ಇದು. ಅವರು ಒಪ್ಪಲಿಲ್ಲ, ಆ ಮಾತು ಬೇರೆ.

ನಮ್ಮ ಊರು ಲೊಕ್ಕನಹಳ್ಳಿ. ಹಿಂದೆ ಕೊಳ್ಳೇಗಾಲ ತಾಲ್ಲೂಕು, ಈಗ ಹನೂರು ತಾಲ್ಲೂಕು. 1956ರ ನವೆಂಬರಿನವರೆಗೆ ಈ ಸೀಮೆಯೆಲ್ಲ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆದ್ದರಿಂದ ನಮ್ಮ ಹಿರಿಯರಿಗೆ ಕೋರ್ಟು, ಕಚೇರಿ, ವ್ಯಾಪಾರ ಎಲ್ಲಕ್ಕೂ ಆ ಕಡೆಯ ದಾರಿ ಹೆಚ್ಚು ಪರಿಚಯ. ರೇಷ್ಮೆಯ ವ್ಯಾಪಾರ ಮಾಡುತ್ತಿದ್ದ ನನ್ನ ಸೋದರಮಾವನವರು 1964ರಲ್ಲಿ ಮದರಾಸಿಗೆ ಹೋದವರು, ಸ್ವದೇಶಕ್ಕೆ ಹೊರಟಿದ್ದ ಇಂಗ್ಲಿಷಿನವರೊಬ್ಬರಿಂದ ಒಂದು ಎಂ.ಜಿ.ಎ. ಕಾರನ್ನು ಕೊಂಡು ತಂದರು. ಎರಡೇ ಆಸನದ ತಗ್ಗಾದ ಕಾರು. ಅದರ ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ. ಒಳಗೆ ಕೈಹಾಕಿ ಹುರಿಯೊಂದನ್ನು ಎಳೆದರೆ ಬಾಗಿಲು ತೆರೆಯುತ್ತದೆ. ಊರಿನ ಹುಡುಗರು ಇದನ್ನು ಬಾಗಿಲಿಲ್ಲದ ಕಾರೆಂದೇ ಕರೆದರು. ಮಾವನವರು ತೀರಿಕೊಂಡ ಮೇಲೆ ಅದು ರೇಷ್ಮೆಹುಳುವಿನ ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದುಕೊಂಡು ಹದಿನೆಂಟು ವರ್ಷ ನಿಂತಿತು.

ಈಗ ನಮ್ಮ ರಸ್ತೆಗಳಲ್ಲಿ ಕಾಣುವ ಎಂ.ಜಿ. ಕಾರುಗಳು 2019ರಿಂದ ಬಂದವು. ಆ ಹೆಸರು ಇಂದು ಚೀನಾ ದೇಶದ ಕಂಪನಿಯೊಂದರ ವಶದಲ್ಲಿದೆ. ನಾನು ಹೇಳುತ್ತಿರುವುದು ಇಂಗ್ಲೆಂಡಿನ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1955ರಿಂದ 1962ರವರೆಗೆ ತಯಾರಾದ ಕಾರು. ಒಟ್ಟು ಲಕ್ಷಕ್ಕೆ ಸ್ವಲ್ಪ ಮೇಲ್ಪಟ್ಟು ತಯಾರಾದವು. ಬಹುಪಾಲು ಹೊರದೇಶಗಳಿಗೆ ಹೋದವು. ನಮ್ಮ ಮಾವನವರದು ಮೊದಲಿನ ಮಾದರಿ, 1489 ಘನ ಸೆಂಟಿಮೀಟರಿನ ಎಂಜಿನ್ನು.

ಈ 1489 ಎಂಬ ಅಂಕಿ ಕೇಳಿದಾಗ ಕೊಳ್ಳೇಗಾಲದ ಮುದುಕ ಮೇಸ್ತ್ರಿಯೊಬ್ಬರು ನಕ್ಕರು. “ಮೇಷ್ಟ್ರೆ, ಇದು ನಮ್ಮ ಅಂಬಾಸಿಡರಿನ ಅಣ್ಣ ಕಣ್ರೀ” ಎಂದರು. ಮಾತು ನಿಜ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ ಶ್ರೇಣಿಯ ಎಂಜಿನ್ನು ಎಂ.ಜಿ.ಎ.ಯಲ್ಲಿಯೂ ಇತ್ತು, 1489 ಘನ ಸೆಂಟಿಮೀಟರಿನ ನಮ್ಮ ಅಂಬಾಸಿಡರಿನಲ್ಲಿಯೂ ಇತ್ತು. 1950ರ ದಶಕದ ಕೊನೆಯಿಂದ 2014ರವರೆಗೆ ಉತ್ತರಪಾರಾದಲ್ಲಿ ತಯಾರಾದ ಆ ಅಂಬಾಸಿಡರಿನಲ್ಲಿ ಕೂರದ ಮಧ್ಯವಯಸ್ಕರು ನಮ್ಮಲ್ಲಿ ಯಾರಿದ್ದಾರೆ? ಅದರದು ಸಾಧುಪ್ರಾಣಿ, ಒಂದೇ ಕಾರ್ಬುರೇಟರು. ಎಂ.ಜಿ.ಎ.ಗೆ ಎರಡು. ಅಶ್ವಶಕ್ತಿ ಮೊದಲು 68, ಬಳಿಕ 72. ಹೆಚ್ಚಿನ ಶಕ್ತಿಯೆಲ್ಲವೂ ಎರಡನೆಯ ಕಾರ್ಬುರೇಟರಿನಿಂದಲೇ ಬಂದಿತೆನ್ನಲಾಗದು. ಒಳಗಿನ ಒತ್ತಡ, ಕವಾಟಗಳ ವ್ಯವಸ್ಥೆ ಇವೂ ಸೇರಿವೆ. ಆದರೆ ಅದರ ಪಾಲು ಸಣ್ಣದಲ್ಲ.

ಕಾರ್ಬುರೇಟರು ಎಂದರೇನು? ಪೆಟ್ರೋಲು ಹಾಗೆಯೇ ಉರಿಯುವುದಿಲ್ಲ. ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತು ಮಂಜಾಗಬೇಕು. ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ ಹೆಚ್ಚುಕಡಿಮೆ ಹದಿನೈದು ಭಾಗ ಗಾಳಿ. ತೂಕದಲ್ಲಿ ಇದು ಹೆಚ್ಚೆನಿಸದು. ಅಳತೆಯಲ್ಲಿ ನೋಡಿದರೆ ಒಂದು ಲೀಟರು ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 9,000 ಲೀಟರು ಗಾಳಿ ಬೇಕು! ಎಂಜಿನ್ನು ಎಂಬುದು ಮುಖ್ಯವಾಗಿ ಗಾಳಿಯನ್ನು ನುಂಗುವ ಪ್ರಾಣಿ. ಅದರ ಉಸಿರಿಗೆ ತಕ್ಕಷ್ಟು ಪೆಟ್ರೋಲನ್ನು ಬೆರೆಸಿ ಕೊಡುವ ಹಿತ್ತಾಳೆ ಮತ್ತು ಅಲ್ಯೂಮಿನಿಯಮ್ಮಿನ ಪಾತ್ರೆಯೇ ಕಾರ್ಬುರೇಟರು. ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಅದು ‘ಕಾರ್ಬೇಟ್ರು’ ಆಗಿದೆ. ತದ್ಭವವಾಗುವ ಹಾದಿಯಲ್ಲಿರುವ ಶಬ್ದ, ನಾನಂತೂ ತಿದ್ದುವುದಿಲ್ಲ.

ಈ ಕಾರಿನಲ್ಲಿರುವುದು ಎಸ್.ಯು. ಎಂಬ ಜಾತಿಯದು. ಎಸ್.ಯು. ಎಂದರೆ ಸ್ಕಿನ್ನರ್ಸ್ ಯೂನಿಯನ್. ಜಾರ್ಜ್ ಹರ್ಬರ್ಟ್ ಸ್ಕಿನ್ನರ್ ಎಂಬಾತ ತನ್ನ ತಮ್ಮನೊಡನೆ ಸೇರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, 1904-05ರ ಸುಮಾರಿಗೆ, ಇದನ್ನು ರೂಪಿಸಿದ. ಅವರ ಮನೆತನದ್ದು ಲಂಡನ್ನಿನಲ್ಲಿ ಪಾದರಕ್ಷೆಯ ವ್ಯಾಪಾರ. ಆದ್ದರಿಂದಲೋ ಏನೋ, ಮೊದಮೊದಲ ಕಾರ್ಬುರೇಟರುಗಳಲ್ಲಿ ಗಾಳಿಯ ಸೆಳೆತಕ್ಕೆ ಏರಿಳಿಯುತ್ತಿದ್ದುದು ಚರ್ಮದ ಒಂದು ಪುಟ್ಟ ತಿದಿ. ನಮ್ಮ ಕಮ್ಮಾರಸಾಲೆಯ ತಿದಿಯ ಜಾತಿಯದೇ. ಆ ತಿದಿಗಳನ್ನು ತಾಯಿ ಹೊಲಿಯುತ್ತಿದ್ದುದು ತಮಗೆ ನೆನಪಿದೆಯೆಂದು ಹರ್ಬರ್ಟನ ಕಿರಿಯ ಮಗ 1980ರ ದಶಕದಲ್ಲಿ ಹೇಳುತ್ತಿದ್ದರಂತೆ. ಮುಂದೆ ಚರ್ಮ ಹೋಗಿ ಲೋಹದ ಪಿಸ್ಟನ್ನು ಬಂದಿತು. 1926ರಲ್ಲಿ ಕಂಪನಿ ಮಾರಿಸ್ ಕಾರಿನ ಒಡೆಯರಾದ ವಿಲಿಯಂ ಮಾರಿಸ್ಸರ ಕೈಸೇರಿತು.

ಇದರ ಜಾಣ್ಮೆ ಎಲ್ಲಿದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಬೇರೆ ಬಗೆಯ ಕಾರ್ಬುರೇಟರುಗಳಲ್ಲಿ ಗಾಳಿಯ ಗಂಟಲು ಒಂದೇ ಅಳತೆಯದು. ಎಂಜಿನ್ನು ಮೆಲ್ಲನೆ ಓಡುವಾಗ ಒಂದು ತೂತು, ಬಿರುಸಾಗಿ ಓಡುವಾಗ ಇನ್ನೊಂದು ತೂತು, ಹೀಗೆ ಪೆಟ್ರೋಲಿಗೆ ಹಲವು ದಾರಿ. ಎಸ್.ಯು.ವಿನಲ್ಲಿ ಒಂದೇ ತೂತು, ಅದಕ್ಕೆ ಜೆಟ್ಟು ಎನ್ನುತ್ತಾರೆ. ಆದರೆ ಗಂಟಲೇ ಹಿಗ್ಗಿ ಕುಗ್ಗುತ್ತದೆ. ಗಂಟಲಿಗೆ ಅಡ್ಡವಾಗಿ ಮೇಲಿನಿಂದ ಒಂದು ಪಿಸ್ಟನ್ನು ಇಳಿಬಿದ್ದಿರುತ್ತದೆ. ಅದರ ಮೇಲೆ ಗೋಪುರದಂಥ ಮುಚ್ಚಳ. ಎಂಜಿನ್ನಿನ ಸೆಳೆತ ಸಣ್ಣ ರಂಧ್ರಗಳ ಮೂಲಕ ಆ ಗೋಪುರದೊಳಕ್ಕೆ ತಲಪುತ್ತದೆ. ಸೆಳೆತ ಹೆಚ್ಚಿದಂತೆ ಪಿಸ್ಟನ್ನು ಮೇಲೇಳುತ್ತದೆ, ಗಾಳಿಗೆ ದಾರಿ ಅಗಲವಾಗುತ್ತದೆ. ಪಿಸ್ಟನ್ನಿನ ಅಡಿಗೆ ಮೊನೆಯತ್ತ ಸಪೂರವಾಗುವ ಒಂದು ಸೂಜಿ ಕಟ್ಟಿದೆ. ಅದು ಜೆಟ್ಟಿನೊಳಗೆ ಇಳಿದಿರುತ್ತದೆ. ಪಿಸ್ಟನ್ನು ಎದ್ದರೆ ಸೂಜಿಯೂ ಏಳುತ್ತದೆ, ಸೂಜಿಯ ಸುತ್ತಲಿನ ಸಂದು ದೊಡ್ಡದಾಗುತ್ತದೆ, ಹೆಚ್ಚು ಪೆಟ್ರೋಲು ಬರುತ್ತದೆ. ಗಾಳಿ ಎಷ್ಟೋ ಪೆಟ್ರೋಲು ಅಷ್ಟು. ಜೆಟ್ಟಿಗೆ ಪೆಟ್ರೋಲು ಒದಗಿಸುವ ಪಕ್ಕದ ಬಟ್ಟಲಿನಲ್ಲಿ ತೇಲುವ ಒಂದು ಹಿತ್ತಾಳೆಯ ಬುರುಡೆ ಇದೆ. ಈಜು ಕಲಿಯುವ ಮಕ್ಕಳು ಬೆನ್ನಿಗೆ ಕಟ್ಟಿಕೊಳ್ಳುವ ಸೋರೆಬುರುಡೆಯಂತೆ ಅದು ತೇಲಿ, ಬಟ್ಟಲು ತುಂಬಿದೊಡನೆ ಪೆಟ್ರೋಲಿನ ಬಾಯನ್ನು ಮುಚ್ಚುತ್ತದೆ.

ಇಷ್ಟು ಚೆನ್ನಾಗಿದ್ದರೆ ಒಂದೇ ಸಾಲದೆ? ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ನಡುವೆ ಒಂದೇ ಕಾರ್ಬುರೇಟರನ್ನಿಟ್ಟರೆ ಕೊನೆಯ ಸಿಲಿಂಡರುಗಳಿಗೆ ದಾರಿ ದೂರ. ಬಿರುಸಿನ ಓಟದಲ್ಲಿ ಉಸಿರು ಸಾಲದು. ಅದಕ್ಕಾಗಿ ಮುಂದಿನ ಎರಡಕ್ಕೆ ಒಂದು, ಹಿಂದಿನ ಎರಡಕ್ಕೆ ಒಂದು. ಉರಿಯುವ ಸರದಿ ಒಂದು, ಮೂರು, ನಾಲ್ಕು, ಎರಡು. ಆದ್ದರಿಂದ ಹಿಂದಿನ ಕಾರ್ಬುರೇಟರು ಒಂದರ ಹಿಂದೊಂದು ಎರಡು ಸಲ ಉಸಿರೆಳೆಯುತ್ತದೆ, ಆಮೇಲೆ ಮುಂದಿನದು ಎರಡು ಸಲ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ. ಒಂದು ಎತ್ತು ಎಳೆದು ಇನ್ನೊಂದು ಬರಿದೆ ನಡೆದರೆ ಗಾಡಿ ಹೋಗುತ್ತದೆ. ಆದರೆ ಎಳೆಯುವುದರ ಹೆಗಲು ಹುಣ್ಣಾಗುತ್ತದೆ, ನೊಗ ಓರೆಯಾಗುತ್ತದೆ. ಕಾರಿನಲ್ಲಿ ಆಗುವುದೂ ಹೀಗೆಯೇ: ಎರಡು ಪ್ಲಗ್ಗು ಮಸಿ ಹಿಡಿದು ಕಪ್ಪು, ಇನ್ನೆರಡು ಸುಣ್ಣದಂತೆ ಬಿಳಿಪು, ನಿಂತಲ್ಲಿ ಗಡಗಡ ನಡುಕ, ಪೆಟ್ರೋಲಿನ ಖರ್ಚು ವಿಪರೀತ.

ಕೊಟ್ಟಿಗೆಯ ಕಾರಿಗೆ ಕಳೆದ ವರ್ಷ ಒಂದು ಗಂಡಾಂತರ ಬಂತು. ಬೆಂಗಳೂರಿನಿಂದ ಒಬ್ಬರು ಬಂದು ನೋಡಿ, ಓಡದ ಕಾರಿಗೆ ಕೊಡುವ ಬೆಲೆ ಇಷ್ಟೇ ಎಂದು ಒಂದು ಮೊತ್ತ ಹೇಳಿದರು. ಬಿಡಿಭಾಗಗಳಿಗಾಗಿ ಕೇಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು. ಮಾವನ ಮಗ, ನಮ್ಮ ಭಾವ, ಸಾಲದಲ್ಲಿದ್ದರು. ಕೊಟ್ಟುಬಿಡುವ ಮನಸ್ಸು ಅವರದು. ಎಂಬತ್ತು ದಾಟಿದ ಅತ್ತೆ ಮಾತ್ರ, “ದೀಪಾವಳಿವರೆಗೆ ತಡಿಯಪ್ಪ. ಅದು ಮಾದೇಶ್ವರನ ಬೆಟ್ಟ ಹತ್ತಿ ಇಳಿದರೆ ಇರಲಿ, ಇಲ್ಲದಿದ್ದರೆ ಕೊಟ್ಟುಬಿಡು” ಎಂದರು. ಉಳಿದಿದ್ದುದು ಐದು ತಿಂಗಳು.

ಭಾವನ ಮಗ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುವ ಹುಡುಗ. ಅವನ ಸಲಹೆ ಸುಲಭದ್ದು: “ಮಾವ, ಈ ಎರಡನ್ನೂ ಕಿತ್ತು ಹೊಸದೊಂದು ಕಾರ್ಬುರೇಟರು ಹಾಕಿದರೆ ತಲೆನೋವೇ ಇಲ್ಲ.” ಹೀಗೆ ಮಾಡಿದವರು ಬಹಳ ಮಂದಿ ಇದ್ದಾರೆ. ನಾನು ಒಪ್ಪಲಿಲ್ಲ. ಕಾರಣ ಬರಿಯ ಪ್ರೀತಿಯಲ್ಲ. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ವಾಹನಗಳಿಗೆಂದು ಕೇಂದ್ರ ಸರ್ಕಾರ 2021ರಲ್ಲಿ ಬೇರೆಯೇ ನೋಂದಣಿಯ ನಿಯಮ ಮಾಡಿತು, ಅವಕ್ಕೆ ವಿ.ಎ. ಎಂಬ ಅಕ್ಷರಗಳ ಫಲಕ. ಮೂಲರೂಪವನ್ನು ಗಣನೀಯವಾಗಿ ಬದಲಿಸಿರಬಾರದೆಂಬುದೇ ಅದರ ಮುಖ್ಯ ಷರತ್ತು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಅಂಥ ವಾಹನ ಸಲ್ಲದು. ಪ್ರದರ್ಶನ, ಮೆರವಣಿಗೆಗಳಿಗೆ, ಸರ್ವಿಸಿಗೆ ಸಲ್ಲುತ್ತದೆ. ಮುಂದೆ ಆ ದಾರಿ ಹಿಡಿಯಬೇಕಾದರೆ ಜೋಡಿ ಮುರಿಯಬಾರದು. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿರುವ ಪಯಣ ಎಂಬ ವಾಹನ ಸಂಗ್ರಹಾಲಯವನ್ನು ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಮೇಸ್ತ್ರಿಗಳು ಎಪ್ಪತ್ತು ದಾಟಿದವರು. ಅವರ ಶೆಡ್ಡಿನಲ್ಲಿರುವ ಹುಡುಗರಿಗೆ ಕಂಪ್ಯೂಟರು ಜೋಡಿಸಿ ಹೊಸ ಕಾರಿನ ರೋಗ ಓದುವುದು ಗೊತ್ತು, ಎಸ್.ಯು.ವಿನ ಗೋಪುರ ಬಿಚ್ಚುವುದು ಗೊತ್ತಿಲ್ಲ. ಗೊತ್ತಿರಬೇಕಾದ ಅಗತ್ಯವೂ ಅವರಿಗೆ ಬಂದಿಲ್ಲವೆನ್ನಿ. ಮೇಸ್ತ್ರಿಗಳು ಪ್ರತಿ ಭಾನುವಾರ ಲೊಕ್ಕನಹಳ್ಳಿಗೆ ಬಂದರು. ಮೊದಲ ದಿನವೇ ಹುಡುಗನಿಗೆ, “ಬೀಡಿ ಸೇದೋರು ಯಾರೂ ಈ ಕಡೆ ಬರಬಾರದು, ನಾನೂ ಸೇರಿ” ಎಂದು ಬಾಗಿಲಿನಲ್ಲಿ ಒಂದು ಬಕೆಟ್ಟು ಮರಳು ಇಡಿಸಿದರು.

ಬಿಚ್ಚುವ ಕೆಲಸಕ್ಕೆ ಎರಡು ತಟ್ಟೆ. ಮುಂದಿನದರ ಭಾಗಗಳು ಒಂದರಲ್ಲಿ, ಹಿಂದಿನದರವು ಇನ್ನೊಂದರಲ್ಲಿ. ಇವು ಎಂದೂ ಬೆರೆಯಬಾರದು. ಏಕೆಂದರೆ ಪ್ರತಿಯೊಂದು ಪಿಸ್ಟನ್ನೂ ತನ್ನ ಗೋಪುರಕ್ಕೇ ಅಳತೆಮಾಡಿ ಕೂರಿಸಿದ್ದು. ಪಿಸ್ಟನ್ನಿನ ಅಗಲವಾದ ತಲೆ ಗೋಪುರದ ಗೋಡೆಯನ್ನು ಮುಟ್ಟುವುದಿಲ್ಲ, ಮುಟ್ಟಬಾರದು; ನಡುವಿನ ಸಂದು ಕೂದಲೆಳೆಯಷ್ಟು. ಜಾರುವುದು ನಡುವಿನ ದಂಡವೊಂದೇ. ಆದ್ದರಿಂದ ಒಳಗೆ ಉಪ್ಪುಕಾಗದ ಹಾಕಿ ತಿಕ್ಕುವುದು ಮಹಾಪರಾಧ. ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿದರೆ ಸಾಕು. ಹದಿನೆಂಟು ವರ್ಷದ ಪೆಟ್ರೋಲು ಬಟ್ಟಲಿನ ತಳದಲ್ಲಿ ಅರಗಿನಂತೆ ಕಟ್ಟಿತ್ತು. ಅದನ್ನು ಕರಗಿಸಲು ಮೂರು ದಿನ ಬೇಕಾಯಿತು. ಹೊರಗಿನ ಗೋಪುರವನ್ನು ಮಾತ್ರ ಹುಡುಗ ಉಜ್ಜಿ ಉಜ್ಜಿ ಬೆಳ್ಳಿಯ ಕಲಶದಂತೆ ಮಾಡಿದ. ಅದರಿಂದ ಎಂಜಿನ್ನಿಗೆ ಏನೂ ಲಾಭವಿಲ್ಲ, ಅತ್ತೆಗೆ ಸಂತೋಷವಾಯಿತು.

ಪಿಸ್ಟನ್ನು ಗೋಪುರಗಳ ಹೊಂದಿಕೆಗೆ ಒಂದು ಪರೀಕ್ಷೆಯುಂಟು. ಪಿಸ್ಟನ್ನಿನ ಗಾಳಿರಂಧ್ರಗಳನ್ನು ಮುಚ್ಚಿ, ಎರಡನ್ನೂ ಕೂಡಿಸಿ ತಲೆಕೆಳಗಾಗಿ ಹಿಡಿದು, ಗೋಪುರವನ್ನು ತಾನಾಗಿ ಜಾರಲು ಬಿಡಬೇಕು. ಒಂದೂವರೆ ಅಂಗುಲದ ಕಾರ್ಬುರೇಟರಿನಲ್ಲಿ ಅದು ಪೂರ್ತಿ ಜಾರಲು 5ರಿಂದ 7 ಸೆಕೆಂಡು ಹಿಡಿಯಬೇಕು. ಬೇಗ ಬಿದ್ದರೆ ಸಂದು ಹೆಚ್ಚಾಗಿದೆ. ತಡವಾದರೆ ಕೊಳೆಯೋ ತಗ್ಗೋ ಇದೆ. ನಮ್ಮವು ಎರಡೂ ಪಾಸಾದವು.

ರೋಗವಿದ್ದುದು ಬೇರೆಡೆ. ಎಂಜಿನ್ನಿನ ಉಸಿರನ್ನು ತಡೆದು ಬಿಡುವ ಚಿಟ್ಟೆಯಾಕಾರದ ತಗಡೊಂದು ಗಂಟಲಿನಲ್ಲಿದೆ. ಅದು ತಿರುಗುವ ಕಡ್ಡಿಗೆ ಸ್ಪಿಂಡಲ್ ಎನ್ನುತ್ತಾರೆ. ವರ್ಷಗಟ್ಟಲೆ ತಿರುಗಿ ತಿರುಗಿ ಕಡ್ಡಿಯೂ ಅದರ ತೂತೂ ಸವೆದು, ಬೆರಳಿನಿಂದ ಅಲುಗಿಸಿದರೆ ಕಟಕಟ ಎನ್ನುತ್ತಿತ್ತು. ಆ ಸಂದಿನಿಂದ ಒಳಗೆ ನುಗ್ಗುವ ಗಾಳಿಗೆ ಲೆಕ್ಕವೇ ಇಲ್ಲ. ಅದು ಪಿಸ್ಟನ್ನಿನ ಗಮನಕ್ಕೆ ಬಾರದ ಗಾಳಿ, ಅದಕ್ಕೆ ಪೆಟ್ರೋಲು ಬೆರೆಯುವುದಿಲ್ಲ. ಇದು ಇರುವವರೆಗೆ ಎಷ್ಟು ತಿರುಪಿದರೂ ಶ್ರುತಿ ನಿಲ್ಲದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಗ ಎರಡು ದಿನ ಅಲೆದು ಒಂದು ಜೊತೆ ಸ್ಪಿಂಡಲ್ ತಂದ. ತೂತನ್ನು ಅಗಲಿಸಿ ಹಿತ್ತಾಳೆಯ ಬುಶ್ಶು ಕೂರಿಸುವ ಕೆಲಸವನ್ನು ಲೇತಿನ ಮೇಲೆ ಮಾಡಿಸಿದೆವು. ಎರಡು ಬದಿಯ ತೂತು ಒಂದೇ ನೇರಕ್ಕೆ ಬರಬೇಕು. ಇಡೀ ಕೆಲಸದಲ್ಲಿ ಕೈಚಳಕ ಬೇಡುವ ಭಾಗ ಇದೇ. ದುಡ್ಡು ಹೆಚ್ಚು ಹೋದದ್ದೂ ಇಲ್ಲಿಯೇ.

ಸೂಜಿಗೆ ಒಂದು ಹೆಸರಿದೆ, ಕಾಂಡದ ಮೇಲೆ ಅಚ್ಚೊತ್ತಿರುತ್ತದೆ. ಈ ಕಾರಿನದು ಜಿ.ಎಸ್. ಎರಡು ಕಾರ್ಬುರೇಟರಿಗೂ ಒಂದೇ ಹೆಸರಿನ ಸೂಜಿ ಇರಬೇಕೆಂದು ಹೇಳಬೇಕಾಗಿಲ್ಲವಷ್ಟೆ? ಆದರೂ ಹಳೆಯ ಕಾರುಗಳಲ್ಲಿ ಒಂದೊಂದು ಬಗೆಯದು ಸಿಕ್ಕುವುದುಂಟಂತೆ. ಸೂಜಿಯ ಭುಜ ಪಿಸ್ಟನ್ನಿನ ತಳಕ್ಕೆ ಸಮವಾಗಿ ಕೂರಬೇಕು. ಜೆಟ್ಟಿನ ಸುತ್ತ ಪೆಟ್ರೋಲು ಸೋರದಂತೆ ಕಾರ್ಕಿನ, ಎಂದರೆ ಬೆಂಡಿನ, ಪುಟ್ಟ ಉಂಗುರಗಳಿವೆ. ಒಣಗಿದ ಬೆಂಡು ಸುಕ್ಕಿ ಹೋಗಿತ್ತು. ಹೊಸದನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದೆವು. ಕೊನೆಗೆ ಜೆಟ್ಟನ್ನು ಸೂಜಿಯ ನೇರಕ್ಕೆ ತರಬೇಕು. ಕೆಳಗಿನ ದೊಡ್ಡ ನಟ್ಟನ್ನು ಸಡಿಲಿಸಿ, ಜೆಟ್ಟನ್ನು ಪೂರ್ತಿ ಮೇಲಕ್ಕೆ ತಂದು, ಪಿಸ್ಟನ್ನನ್ನು ಕೆಳಗೊತ್ತಿದರೆ ಸೂಜಿಯೇ ಜೆಟ್ಟನ್ನು ನಡುವಿಗೆ ತಂದುಕೊಳ್ಳುತ್ತದೆ. ಹಾಗೆಯೇ ನಟ್ಟನ್ನು ಬಿಗಿಯಬೇಕು. ಬಳಿಕ ಪಿಸ್ಟನ್ನನ್ನು ಎತ್ತಿ ಬಿಟ್ಟರೆ ಅದು ಸೇತುವೆಯ ಮೇಲೆ ಬಿದ್ದು ‘ಟಕ್’ ಎನ್ನಬೇಕು. ಖಣಿಯಾದ ಸದ್ದು. ಮೆತ್ತಗೆ ‘ದಪ್’ ಎಂದರೆ ಸೂಜಿ ಎಲ್ಲಿಯೋ ಉಜ್ಜುತ್ತಿದೆ, ಮತ್ತೆ ಮೊದಲಿನಿಂದ. ಹಿಂದಿನ ಕಾರ್ಬುರೇಟರು ಒಂಬತ್ತನೆಯ ಸಲ ‘ಟಕ್’ ಎಂದಿತು.

ಎಂಜಿನ್ನಿಗೆ ಜೋಡಿಸಿ ಕೀಲಿ ತಿರುಗಿಸಿದಾಗ ಹಿಂದಿನಿಂದ ವಿದ್ಯುತ್ ಪಂಪು ಟಿಕ್ ಟಿಕ್ ಎಂದು ಬಡಿದು, ಬಟ್ಟಲುಗಳು ತುಂಬಿದೊಡನೆ ಸುಮ್ಮನಾಯಿತು. ಸುಮ್ಮನಾಗದಿದ್ದರೆ ಎಲ್ಲೋ ಸೋರುತ್ತಿದೆಯೆಂದು ಅರ್ಥ.

ಇನ್ನು ತಿರುಪಲು ಹೊರಟವನನ್ನು ಮೇಸ್ತ್ರಿಗಳು ತಡೆದರು. “ಮೊದ್ಲು ಪ್ಲಗ್ ನೋಡು, ಪಾಯಿಂಟ್ ನೋಡು, ಟ್ಯಾಪೆಟ್ ನೋಡು. ಅವೆಲ್ಲ ಸರಿ ಇದ್ರೆ ಆಮೇಲೆ ಕಾರ್ಬೇಟ್ರಿಗೆ ಬೈಯುವಿಯಂತೆ.” ಕಿಡಿಯ ದೋಷವನ್ನು ಕಾರ್ಬುರೇಟರಿನ ತಲೆಗೆ ಕಟ್ಟುವುದು ಲೋಕರೂಢಿ. ನಮ್ಮಲ್ಲಿ ಒಂದು ಕವಾಟದ ಸಂದು ತಪ್ಪಿತ್ತು, ಸರಿಪಡಿಸಿದೆವು. ಎಂಜಿನ್ನು ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿದೆವು. ತಣ್ಣನೆಯ ಎಂಜಿನ್ನಿನ ಮೇಲೆ ಮಾಡಿದ ಹೊಂದಿಕೆ ನಿಲ್ಲುವುದಿಲ್ಲ.

ಹೊಂದಿಕೆಯಲ್ಲಿ ಎರಡು ಕೆಲಸ. ಗಾಳಿ ಸಮವಾಗಬೇಕು, ಅನಂತರ ಮಿಶ್ರಣ ಸರಿಯಾಗಬೇಕು. ಎರಡನ್ನೂ ಕಲಸಿಕೊಂಡವನಿಗೆ ರಾತ್ರಿಯಾದರೂ ಮುಗಿಯದು. ಮೊದಲು ಎರಡೂ ಕಾರ್ಬುರೇಟರುಗಳನ್ನು ಕೂಡಿಸುವ ಕಡ್ಡಿಯ ಹಿಡಿಕೆಗಳನ್ನು ಸಡಿಲಿಸಬೇಕು, ಎಂದರೆ ನೊಗ ಕಳಚಿದ ಹಾಗೆ. ಎರಡರ ನಿಲುಗಡೆಯ ತಿರುಪುಗಳನ್ನೂ ಪೂರ್ತಿ ಹಿಂದಕ್ಕೆ ಬಿಟ್ಟು, ಚಿಟ್ಟೆಗಳು ಮುಚ್ಚಿದ ಮೇಲೆ, ಒಂದೊಂದು ಸುತ್ತು ಮಾತ್ರ ಒಳಕ್ಕೆ ತಿರುಪಬೇಕು. ಜೆಟ್ಟಿನ ನಟ್ಟನ್ನು ಪೂರ್ತಿ ಮೇಲಕ್ಕೆ ತಿರುಪಿ, ಅಲ್ಲಿಂದ ಎರಡು ಸುತ್ತು ಕೆಳಗೆ ಇಳಿಸಬೇಕು. ನಟ್ಟಿಗೆ ಆರು ಮುಖ. ಆದ್ದರಿಂದ ಹನ್ನೆರಡು ಮುಖ. ಎಂಜಿನ್ನು ಚಾಲೂ ಮಾಡಿ, ಗಾಳಿಶೋಧಕಗಳನ್ನು ತೆಗೆದು, ಒಂದು ಗಜ ಉದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೂ ಹಿಡಿಯಬೇಕು. ‘ಹಿಸ್ಸ್’ ಎಂಬ ಸದ್ದು ಕೇಳುತ್ತದೆ. ಅದೇ ಜಾಗ, ಅದೇ ಕೋನದಲ್ಲಿ ಇನ್ನೊಂದಕ್ಕೂ ಹಿಡಿಯಬೇಕು. ಯಾವುದರ ಸದ್ದು ಜೋರಾಗಿದೆಯೋ ಅದರ ತಿರುಪನ್ನು ಕೊಂಚ ಬಿಡಬೇಕು, ಇನ್ನೊಂದನ್ನು ಕೊಂಚ ಬಿಗಿಯಬೇಕು. ತಂಬೂರಿಯ ಎರಡು ತಂತಿ ಸೇರಿಸುವಷ್ಟೇ ನಾಜೂಕು, ಆದರೆ ತಂಬೂರಿಗೆ ಹೊಗೆಯಿಲ್ಲ. ಕಾರನ್ನು ಕೊಟ್ಟಿಗೆಯಿಂದ ಹೊರಗೆ ತಳ್ಳಿಯೇ ಈ ಕೆಲಸ ಮಾಡಬೇಕು. ಮುಚ್ಚಿದ ಜಾಗದಲ್ಲಿ ಆ ಹೊಗೆ ಪ್ರಾಣ ತೆಗೆಯುತ್ತದೆ.

ಹುಡುಗ ಗಾಳಿಯ ಹರಿವನ್ನು ಅಳೆಯುವ ಮೀಟರೊಂದನ್ನು ತರಿಸಿದ್ದ. ಮೇಸ್ತ್ರಿಗಳು ಕಣ್ಣುಮುಚ್ಚಿ ಕೊಳವೆಯಲ್ಲಿ ಕೇಳಿ, “ಆಯ್ತು, ಸಮ” ಎಂದಾಗ ಹುಡುಗ ಮೀಟರನ್ನು ಹಿಡಿದು ನೋಡಿದ. ಎರಡರಲ್ಲೂ ಒಂದೇ ಗೆರೆ. “ಪರವಾಗಿಲ್ಲ, ಅದಕ್ಕೂ ಕಿವಿ ಇದೆ” ಎಂದರು ಮೇಸ್ತ್ರಿಗಳು. ಆಮೇಲೆ ಬೇಕೆಂದೇ ಒಂದು ತಿರುಪನ್ನು ಕೆಡಿಸಿ, ಮೀಟರನ್ನು ತಮ್ಮ ಜೇಬಿನಲ್ಲಿಟ್ಟುಕೊಂಡು, “ಈಗ ನೀನು ಕೊಳವೇಲಿ ಸರಿಮಾಡು” ಎಂದರು. ಹುಡುಗನಿಗೆ ಮೂರು ಭಾನುವಾರ ಹಿಡಿಯಿತು. ಮೂರನೆಯ ಭಾನುವಾರ ಅವನು ಸರಿಪಡಿಸಿದ ಮೇಲೆ ಮೀಟರನ್ನು ಹಿಂದಕ್ಕೆ ಕೊಟ್ಟರು. ಮೀಟರು ಕೆಟ್ಟದ್ದೆಂದು ನಾನು ಹೇಳಲಾರೆ. ಅದು ಸರಿಯಾಗಿಯೇ ಹೇಳಿತು. ಆದರೆ ದಾರಿಯಲ್ಲಿ ಕಾರು ನಿಂತಾಗ ಮೀಟರು ಮನೆಯಲ್ಲಿರುತ್ತದೆ.

ಗಾಳಿ ಸಮವಾದ ಮೇಲೆ ಕೂಡಿಸುವ ಕಡ್ಡಿಯನ್ನು ಬಿಗಿದು ಮಿಶ್ರಣಕ್ಕೆ ಕೈಹಾಕಬೇಕು. ಜೆಟ್ಟಿನ ನಟ್ಟನ್ನು ಕೆಳಗಿಳಿಸಿದರೆ ಪೆಟ್ರೋಲು ಹೆಚ್ಚು, ಮೇಲೇರಿಸಿದರೆ ಕಡಿಮೆ. ಒಂದು ಸಲಕ್ಕೆ ಒಂದೇ ಮುಖ, ಎರಡಕ್ಕೂ ಸಮವಾಗಿ. ಪರೀಕ್ಷೆ ಹೀಗೆ: ತೆಳುವಾದ ಚಾಕುವಿನ ತುದಿಯಿಂದ ಒಂದು ಪಿಸ್ಟನ್ನನ್ನು ಕೂದಲೆಳೆಯಷ್ಟು, ಅಂಗುಲದ ಮೂವತ್ತೆರಡನೆಯ ಒಂದು ಭಾಗದಷ್ಟು, ಎತ್ತಬೇಕು. ಎಂಜಿನ್ನಿನ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಜಾಸ್ತಿ. ಕುಸಿದು ನಿಲ್ಲುವಂತಾದರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಮೊದಲಿನಂತಾದರೆ ಸರಿ. ಒಂದನ್ನು ತಿದ್ದಿದರೆ ಇನ್ನೊಂದರ ಲೆಕ್ಕ ಕೊಂಚ ಬದಲಾಗುತ್ತದೆ, ಏಕೆಂದರೆ ಎರಡರ ನಡುವೆ ಸಮತೋಲದ ಒಂದು ಕೊಳವೆ ಇದೆ. ಆದ್ದರಿಂದ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಮೂರು ನಾಲ್ಕು ಸಲ ಓಡಾಡಲೇಬೇಕು.

ಹಳೆಯ ಪುಸ್ತಕಗಳಲ್ಲಿ ಇಲ್ಲದ ಒಂದು ತೊಡಕು ಈಗ ಸೇರಿದೆ. 2025ರ ವೇಳೆಗೆ ನಮ್ಮ ಬಂಕುಗಳ ಪೆಟ್ರೋಲಿನಲ್ಲಿ ನೂರಕ್ಕೆ 20 ಭಾಗ ಎಥನಾಲ್ ಬೆರೆಯುವಂತಾಯಿತು. ಕಬ್ಬು, ಮುಸುಕಿನ ಜೋಳ, ಅಕ್ಕಿಗಳಿಂದ ಅದು ತಯಾರಾಗುತ್ತದೆ. ನಮ್ಮ ಸೀಮೆಯ ಹೊಲಗಳ ತುಂಬ ಮುಸುಕಿನ ಜೋಳ. ಆ ವ್ಯವಸ್ಥೆಯನ್ನು ದೂರುವ ಬಾಯಿ ನನಗಿಲ್ಲ. ಆದರೆ 1950ರ ದಶಕದ ಕಾರಿಗೆ ಅದರ ಪರಿಚಯವಿಲ್ಲ. ಎಥನಾಲಿನೊಳಗೇ ಆಮ್ಲಜನಕವಿರುವುದರಿಂದ ಒಂದು ಭಾಗ ಇಂಧನಕ್ಕೆ ಹದಿನೈದಕ್ಕೆ ಬದಲು ಹದಿಮೂರೂವರೆ ಭಾಗದ ಆಸುಪಾಸು ಗಾಳಿ ಸಾಕು. ಹಳೆಯ ಹೊಂದಿಕೆಯಲ್ಲಿ ಬಿಟ್ಟರೆ ಮಿಶ್ರಣ ತೆಳುವಾಗಿ ಎಂಜಿನ್ನು ಕಾಯುತ್ತದೆ. ನಾವು ಎರಡೂ ಜೆಟ್ಟುಗಳನ್ನು ಇನ್ನೊಂದು ಮುಖ ಇಳಿಸಿದೆವು. ಇದಲ್ಲದೆ ಎಥನಾಲು ನೀರನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಪೆಟ್ರೋಲಿನ ಕೊಳವೆಗಳನ್ನೆಲ್ಲ ಅದನ್ನು ತಾಳುವ ಹೊಸ ಬಗೆಯವಕ್ಕೆ ಬದಲಿಸಿದೆವು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಬಟ್ಟಲುಗಳನ್ನು ಬರಿದುಮಾಡಿ ನಿಲ್ಲಿಸುವುದು ಕ್ಷೇಮ. ಬರಿದಾದ ಬಟ್ಟಲಿನಲ್ಲಿ ಬೆಂಡು ಒಣಗಿ ಮತ್ತೆ ಸೋರುವುದೂ ಉಂಟು. ಇವೆರಡರಲ್ಲಿ ಬೆಂಡನ್ನು ಬದಲಿಸುವ ಕಷ್ಟವೇ ವಾಸಿ.

ಮೊದಲು ಒಡೆಯರಪಾಳ್ಯದ ಕಡೆಗೆ ಓಡಿಸಿ ನೋಡಿದೆವು. 1974ರಲ್ಲಿ ನೆಲೆಯಾದ ಟಿಬೆಟನ್ನರ ಊರುಗಳು ಅಲ್ಲಿವೆ. ಅಲ್ಲಿನ ಮಕ್ಕಳು ಕಾರಿನ ಹಿಂದೆ ಓಡಿಬಂದರು. ನಾಲ್ಕನೆಯ ದಿನ ಬೆಟ್ಟದ ಪ್ರಯಾಣ. ಓಡಿಸಿದವರು ಭಾವ, ಪಕ್ಕದಲ್ಲಿ ಅತ್ತೆ. ನಾನೂ ಹುಡುಗನೂ ಮೇಸ್ತ್ರಿಗಳೂ ಹಿಂದಿನಿಂದ ಬಾಡಿಗೆಯ ಜೀಪಿನಲ್ಲಿ. ತಾಳಬೆಟ್ಟದಲ್ಲಿ ನಿಲ್ಲಿಸಿ ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ ಸಾಲಾಗಿ ಟವೆಲಿನ ಮೇಲೆ ಇಟ್ಟೆವು. ನಾಲ್ಕೂ ಹುರಿಹಿಟ್ಟಿನ ಬಣ್ಣ. ಬೆಟ್ಟ ಏರಿದಂತೆ ಗಾಳಿ ವಿರಳವಾಗಿ ಮಿಶ್ರಣ ಕೊಂಚ ಗಟ್ಟಿಯಾಗುವುದು ಸಹಜ. ಆದರೆ ಮೂರು ಸಾವಿರ ಅಡಿಯ ಎತ್ತರಕ್ಕೆ ತಿರುಪು ಮುಟ್ಟಬೇಕಾಗಿಲ್ಲವೆಂದು ಮೇಸ್ತ್ರಿಗಳು ಹೇಳಿದಂತೆಯೇ ಆಯಿತು. ತಿರುವುಗಳಲ್ಲಿ ಒಮ್ಮೆಯೂ ಕೆಮ್ಮಲಿಲ್ಲ. ಅತ್ತೆ ದೇವಸ್ಥಾನದಿಂದ ಬಂದು ಬಾನೆಟ್ಟಿನ ಮೇಲೆ ವಿಭೂತಿ ಹಚ್ಚಿದರು. ಬೆಂಗಳೂರಿನವರ ಫೋನಿಗೆ ಭಾವ ಆ ಸಂಜೆಯೇ ಉತ್ತರ ಹೇಳಿದರು. ಸಾಲಕ್ಕೆ ಬೇರೆ ದಾರಿ ಹುಡುಕುತ್ತಿದ್ದಾರೆ.

ಮನೆಯಲ್ಲಿ ಇಂಥ ಹಳೆಯ ಕಾರಿರುವವರಿಗಾಗಿ ಒಂದು ಮಾತು ಬಾಕಿ ಇದೆ. ಗೋಪುರದ ತುದಿಯ ಹಿತ್ತಾಳೆಯ ಮುಚ್ಚಳವನ್ನು ಬಿಚ್ಚಿದರೆ ಪಿಸ್ಟನ್ನಿನ ಟೊಳ್ಳು ದಂಡದೊಳಗೆ ತೆಳುವಾದ ಎಣ್ಣೆ ಕಾಣಬೇಕು. ವೇಗವನ್ನು ತಟ್ಟನೆ ಹೆಚ್ಚಿಸಿದಾಗ ಪಿಸ್ಟನ್ನು ಹಾರಿ ಮೇಲೇಳದಂತೆ ತಡೆದು, ಆ ಕ್ಷಣಕ್ಕೆ ಪೆಟ್ರೋಲನ್ನು ತುಸು ಹೆಚ್ಚಾಗಿ ಕೊಡಿಸುವುದು ಆ ಎಣ್ಣೆಯೇ. ಎಂಜಿನ್ನಿಗೆ ಹಾಕುವ ಮಂದ ಎಣ್ಣೆ ಅಲ್ಲ, 20ರ ದರ್ಜೆಯದು. ಅದು ಒಣಗಿದರೆ ಆಕ್ಸಲರೇಟರು ಒತ್ತಿದೊಡನೆ ಕಾರು ಮುಗ್ಗರಿಸುತ್ತದೆ, ಜನ ಇಡೀ ಕಾರ್ಬುರೇಟರನ್ನೇ ಬಿಚ್ಚಲು ಹೊರಡುತ್ತಾರೆ. ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿ ನೋಡಿ, ಕಡಿಮೆಯಿದ್ದರೆ ನಾಲ್ಕು ಹನಿ ಬಿಡಿ. ಎರಡರಲ್ಲಿಯೂ ಸಮವಾಗಿ.